ಟೋನಿ ಮಾರಿಸನ್: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಟೋನಿ ಮಾರಿಸನ್ ಯಾರು? ಚಿಕ್ಕದಾಗಿ ಹೇಳಿ.

ಅಮೆರಿಕದ ಕಾದಂಬರಿಕಾರ್ತಿ. 1931ರ ಫೆಬ್ರವರಿ 18ರಂದು ಒಹಾಯೊ ರಾಜ್ಯದ ಲೊರೈನ್ ಎಂಬ ಊರಿನಲ್ಲಿ ಹುಟ್ಟಿದರು. 2019ರ ಆಗಸ್ಟ್ 5ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆಗ ಅವರಿಗೆ 88 ವರ್ಷ. ಒಟ್ಟು 11 ಕಾದಂಬರಿ ಬರೆದರು. 1988ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ, 1993ರಲ್ಲಿ ನೊಬೆಲ್ ಬಂತು. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಕಪ್ಪು ಮಹಿಳೆ ಅವರೇ.

ಈ ವಿವರಗಳು ಎಲ್ಲ ಕಡೆ ಸಿಗುತ್ತವೆ. ಅವರನ್ನು ಓದುವವರು ಮೊದಲು ಗಮನಿಸಬೇಕಾದದ್ದು ಬೇರೆ ಇದೆ. ಕಪ್ಪು ಜನರ ಬದುಕನ್ನು ಬಿಳಿಯರಿಗೆ ತಿಳಿಸಿ ಹೇಳುವ ಕೆಲಸವನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. ತಮ್ಮ ಜನರ ಜೊತೆ ತಮ್ಮ ಜನರ ಮಾತಿನಲ್ಲೇ ಮಾತಾಡಿದರು. ಬೇಕಾದವರು ಬಂದು ಕೇಳಿಸಿಕೊಳ್ಳಲಿ ಎಂದು ಬಿಟ್ಟರು. ಇಡೀ ಜಗತ್ತು ಬಂದು ಕೇಳಿಸಿಕೊಂಡಿತು.

ಅದು ಅವರ ನಿಜವಾದ ಹೆಸರಾ?

ಹುಟ್ಟಿದಾಗ ಇಟ್ಟ ಹೆಸರು ಕ್ಲೋಯಿ ಆರ್ಡೆಲಿಯಾ ವಾಫರ್ಡ್. 12ನೇ ವಯಸ್ಸಿನಲ್ಲಿ ಕ್ಯಾಥೊಲಿಕ್ ಆದಾಗ ಸಂತ ಆಂಥನಿಯ ಹೆಸರು ಸೇರಿಸಿಕೊಂಡರು. ಅದೇ ಮುಂದೆ ಕಾಲೇಜಿನ ಹೊತ್ತಿಗೆ 'ಟೋನಿ' ಆಯಿತು. ಮಾರಿಸನ್ ಎನ್ನುವುದು ಗಂಡನ ಕಡೆಯಿಂದ ಬಂದದ್ದು. ಮೊದಲ ಪುಸ್ತಕ ಆ ಹೆಸರಿನಲ್ಲಿ ಅಚ್ಚಾದದ್ದರ ಬಗ್ಗೆ ಅವರಿಗೆ ಕೊನೆಯವರೆಗೂ ಬೇಸರ ಇತ್ತು. ಮನೆಯವರಿಗೆ ಅವರು ಯಾವತ್ತೂ ಕ್ಲೋಯಿಯೇ.

ಬಾಲ್ಯ ಹೇಗಿತ್ತು? ತುಂಬಾ ಬಡತನ ಇತ್ತಾ?

ಇತ್ತು. ಲೊರೈನ್ ಎಂದರೆ ಈರಿ ಸರೋವರದ ದಂಡೆಯ ಉಕ್ಕಿನ ಊರು. ಯುರೋಪಿನಿಂದ ವಲಸೆ ಬಂದವರು, ಮೆಕ್ಸಿಕೋದವರು, ದಕ್ಷಿಣದ ರಾಜ್ಯಗಳಿಂದ ಓಡಿ ಬಂದ ಕಪ್ಪು ಜನ, ಎಲ್ಲರೂ ಅಕ್ಕಪಕ್ಕ ಇದ್ದ ಊರು. ತಂದೆ ಜಾರ್ಜ್ ವಾಫರ್ಡ್ ಮೂಲತಃ ಜಾರ್ಜಿಯಾದವರು. ಅಲ್ಲಿ ಬಿಳಿಯರು ಕಪ್ಪು ಜನರನ್ನು ಹಿಡಿದು ಕೊಂದದ್ದನ್ನು ಹುಡುಗನಾಗಿದ್ದಾಗಲೇ ಕಂಡು ಊರು ಬಿಟ್ಟವರು. ಬಿಳಿಯರನ್ನು ಅವರು ಕೊನೆಯವರೆಗೂ ನಂಬಲಿಲ್ಲ. ತಾಯಿ ರಾಮಾ ಹಾಗಲ್ಲ. ಅವರು ಒಬ್ಬೊಬ್ಬರನ್ನೂ ನೋಡಿ ಅಳೆಯುತ್ತಿದ್ದರು. ಚರ್ಚಿನಲ್ಲಿ ಹಾಡುತ್ತಿದ್ದರು. ಮನೆಯಲ್ಲಿ ಭೂತದ ಕಥೆ, ಕನಸಿನ ಕಥೆ, ಹಾಡು, ಎಲ್ಲವೂ ದಿನದ ಮಾತಾಗಿತ್ತು. ಮುಂದೆ ಮಾರಿಸನ್ ಕಾದಂಬರಿಗಳಲ್ಲಿ ದೆವ್ವಗಳು ಅಷ್ಟು ಸಹಜವಾಗಿ ಓಡಾಡುತ್ತವಲ್ಲ, ಅದರ ಬೇರು ಇಲ್ಲಿದೆ.

ಕ್ಲೋಯಿಗೆ ಸುಮಾರು 2 ವರ್ಷ ಇದ್ದಾಗ ಮನೆ ಬಾಡಿಗೆ ಕೊಡಲು ಆಗಲಿಲ್ಲ. ಮನೆ ಬಾಡಿಗೆಗೆ ಕೊಟ್ಟ ಮಾಲೀಕ ಮನೆಗೇ ಬೆಂಕಿ ಹಚ್ಚಿದ. ಒಳಗೆ ಇವರೆಲ್ಲ ಇದ್ದರು. ಆ ಹುಚ್ಚುತನ ನೋಡಿ ಅಪ್ಪ ಅಮ್ಮ ನಕ್ಕುಬಿಟ್ಟರಂತೆ. ಅಂಥ ಕೇಡಿನ ಮುಂದೆ ಕುಗ್ಗದೆ ನಕ್ಕರೆ ನಮ್ಮ ಬದುಕು ನಮ್ಮ ಕೈಯಲ್ಲೇ ಉಳಿಯುತ್ತದೆ ಎಂದು ಮಾರಿಸನ್ ಮುಂದೆ ಆ ನಗುವನ್ನು ಅರ್ಥ ಮಾಡಿಕೊಂಡರು.

ತಂದೆ ಹಡಗುಕಟ್ಟೆಯಲ್ಲಿ ವೆಲ್ಡರ್. ಒಂದು ದಿನ ಬೆಸುಗೆ ತುಂಬಾ ಚೆನ್ನಾಗಿ ಕೂತಿತೆಂದು ಅದರ ಮೇಲೆ ತಮ್ಮ ಹೆಸರು ಬರೆದು ಬಂದೆ ಅಂದರು. ಅದನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಮಗಳು ಕೇಳಿದಳು. ಅದು ಅಲ್ಲಿದೆ ಎಂದು ನನಗೆ ಗೊತ್ತಲ್ಲ, ಎಂದರಂತೆ ಅವರು. ಇನ್ನೊಮ್ಮೆ ಮಗಳು ದಿನದ ಶಾಲೆ ಮುಗಿದ ಮೇಲೆ ಒಂದು ಬಿಳಿಯರ ಮನೆಯಲ್ಲಿ ಕಸ ಮುಸುರೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯಾಕೆ ಕೊಡುವ ಕಾಟ ಹೇಳಿಕೊಂಡಾಗ ತಂದೆ ಹೇಳಿದ್ದು ಇಷ್ಟೇ: ನೀನು ಬದುಕುವುದು ಅಲ್ಲಿ ಅಲ್ಲ, ಇಲ್ಲಿ, ನಿನ್ನ ಜನರ ಜೊತೆ. ಕೆಲಸಕ್ಕೆ ಹೋಗು, ದುಡ್ಡು ತಗೊ, ಮನೆಗೆ ಬಾ. ಮಾರಿಸನ್ ಇದನ್ನು ವಯಸ್ಸಾದ ಮೇಲೂ ಬರೆದುಕೊಂಡರು. ಅವರ ಬರವಣಿಗೆಯ ಗಟ್ಟಿತನ ಎಲ್ಲಿಂದ ಬಂತು ಎಂದು ಕೇಳಿದರೆ ನಾನು ಈ ತಂದೆಯ ಕಡೆಗೇ ಕೈ ತೋರಿಸುತ್ತೇನೆ.

ಏನು ಓದಿದರು?

1949ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದು ಕಪ್ಪು ಜನರ ಹೆಸರಾಂತ ವಿದ್ಯಾಸಂಸ್ಥೆ. ಇಂಗ್ಲಿಷ್ ಓದಿದರು, ನಾಟಕ ತಂಡದ ಜೊತೆ ದಕ್ಷಿಣದ ರಾಜ್ಯಗಳನ್ನು ಸುತ್ತಿದರು. 1955ರಲ್ಲಿ ಕಾರ್ನೆಲ್‌ನಿಂದ ಎಂ.ಎ. ಪಡೆದರು. ಪ್ರಬಂಧದ ವಿಷಯ ವರ್ಜೀನಿಯಾ ವುಲ್ಫ್ ಮತ್ತು ವಿಲಿಯಂ ಫಾಕ್ನರ್ ಎಂಬ ಕಾದಂಬರಿಕಾರರು. ಆಮೇಲೆ ಹ್ಯೂಸ್ಟನ್ನಿನಲ್ಲಿ 2 ವರ್ಷ ಪಾಠ ಮಾಡಿ, 1957ರಲ್ಲಿ ಮತ್ತೆ ಹೋವರ್ಡ್‌ಗೆ ಅಧ್ಯಾಪಕಿಯಾಗಿ ಬಂದರು.

ಮೊದಲ ಕಾದಂಬರಿ ಬಂದಾಗ ಅವರಿಗೆ 39 ವರ್ಷ. ಅಷ್ಟು ತಡ ಯಾಕೆ?

ಚಿಕ್ಕಂದಿನಲ್ಲಿ ಅವರಿಗೆ ಬರಹಗಾರ್ತಿ ಆಗಬೇಕು ಎನ್ನುವ ಆಸೆ ಇರಲಿಲ್ಲ. ಅವರು ಓದುಗಿ. ಓದುತ್ತಾ ಓದುತ್ತಾ ಒಂದು ಪುಸ್ತಕ ಕಾಣೆಯಾಗಿದೆ ಅನ್ನಿಸಿತು. ಬಡ, ಕಪ್ಪು, ಯಾರ ಲೆಕ್ಕಕ್ಕೂ ಬಾರದ ಹೆಣ್ಣುಮಗುವನ್ನು ನಡುವೆ ನಿಲ್ಲಿಸಿ, ಅವಳನ್ನು ಗಂಭೀರವಾಗಿ ನೋಡುವ ಪುಸ್ತಕ. ಅದು ಯಾವ ಗ್ರಂಥಾಲಯದಲ್ಲೂ ಇರಲಿಲ್ಲ. ಓದಬೇಕು ಅನ್ನಿಸಿದ ಪುಸ್ತಕ ಇಲ್ಲದಿದ್ದರೆ ನಾವೇ ಬರೆಯಬೇಕು ಎಂದು ಅವರು ಮುಂದೆ ಹೇಳಿದ ಮಾತು ಇದರಿಂದಲೇ ಬಂದದ್ದು.

ಹೋವರ್ಡ್‌ನಲ್ಲಿದ್ದಾಗ ಒಂದು ಬರಹಗಾರರ ಗುಂಪು ಸೇರಿದ್ದರು. ಬರುವಾಗ ಏನಾದರೂ ಬರೆದು ತರಲೇಬೇಕು ಎನ್ನುವ ನಿಯಮ. ಹಳೆಯದೆಲ್ಲ ಮುಗಿದ ಮೇಲೆ ಒಂದು ಸಣ್ಣ ಕಥೆ ಬರೆದು ಒಯ್ದರು. ಶಾಲೆಯಲ್ಲಿ ಒಬ್ಬ ಗೆಳತಿ ತನಗೆ ನೀಲಿ ಕಣ್ಣು ಬೇಕು ಅಂದಿದ್ದಳು. ಆ ನೆನಪೇ ಕಥೆಯ ಬೀಜ.

ಆಮೇಲೆ ಬದುಕು ಬೇರೆ ದಿಕ್ಕಿಗೆ ಹೋಯಿತು. 1958ರಲ್ಲಿ ಜಮೈಕಾ ಮೂಲದ ವಾಸ್ತುಶಿಲ್ಪಿ ಹೆರಾಲ್ಡ್ ಮಾರಿಸನ್ ಜೊತೆ ಮದುವೆ. 1964ರಲ್ಲಿ ವಿಚ್ಛೇದನ. ಇಬ್ಬರು ಗಂಡುಮಕ್ಕಳು, ಫೋರ್ಡ್ ಮತ್ತು ಸ್ಲೇಡ್. ಮಕ್ಕಳನ್ನು ಕಟ್ಟಿಕೊಂಡು ಸಿರಾಕ್ಯೂಸ್ ಎಂಬ ಚಳಿ ಊರಿಗೆ ಬಂದು ಪಠ್ಯಪುಸ್ತಕ ಸಂಪಾದಿಸುವ ಕೆಲಸ ಹಿಡಿದರು. ಪರಿಚಯದವರಿಲ್ಲ. ಮಕ್ಕಳು ಮಲಗಿದ ಮೇಲೆ ಆ ಹಳೆಯ ಕಥೆ ಹೊರತೆಗೆದರು. ಒಮ್ಮೆ ಬರೆಯುತ್ತಿದ್ದಾಗ ಕೂಸು ಕಾಗದದ ಮೇಲೆಯೇ ಕಕ್ಕಿತು. ಅವರು ಒರೆಸಲು ಏಳಲಿಲ್ಲ. ಅದರ ಸುತ್ತ ಬರೆಯುತ್ತಾ ಹೋದರು. ಒರೆಸುವುದು ಆಮೇಲೂ ಆದೀತು, ಆ ವಾಕ್ಯ ಮತ್ತೆ ಬರುತ್ತದೆ ಎನ್ನುವ ಖಾತ್ರಿ ಇರಲಿಲ್ಲ. ಹೀಗೆ ಬರೆದದ್ದು 'ದಿ ಬ್ಲೂಯೆಸ್ಟ್ ಐ'. 1970ರಲ್ಲಿ ಪ್ರಕಟವಾಯಿತು.

ತಡ ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬಂಟಿ ತಾಯಿ, ಪೂರಾ ದಿನದ ನೌಕರಿ, ಎರಡು ಎಳೆ ಮಕ್ಕಳು. ಆ ಸ್ಥಿತಿಯಲ್ಲಿ ಬರೆದು ಮುಗಿಸಿದ್ದೇ ದೊಡ್ಡದು, ಅಲ್ವಾ?

'ದಿ ಬ್ಲೂಯೆಸ್ಟ್ ಐ' ಕಥೆ ಏನು?

1941ರ ಲೊರೈನ್. ಪಿಕೋಲಾ ಬ್ರೀಡ್‌ಲವ್ ಎಂಬ ಕಪ್ಪು ಹುಡುಗಿ. ತಾನು ಕುರೂಪಿ ಎಂದು ಎಲ್ಲರೂ ಹೇಳಿದ್ದನ್ನು ನಂಬಿದ್ದಾಳೆ. ನೀಲಿ ಕಣ್ಣು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಪ್ರಾರ್ಥಿಸುತ್ತಾಳೆ. ಅವಳ ಮೇಲೆ ಅವಳ ತಂದೆಯೇ ಅತ್ಯಾಚಾರ ಮಾಡುತ್ತಾನೆ. ಕಾದಂಬರಿ ಶುರುವಾಗುವುದು ಶಾಲೆಯ ಮೊದಲ ಪಾಠದಂಥ ಸಾಲುಗಳಿಂದ. ಚಂದದ ಮನೆ, ಅಪ್ಪ, ಅಮ್ಮ, ನಾಯಿ, ಬೆಕ್ಕು. ಅದೇ ಸಾಲುಗಳನ್ನು ಮತ್ತೆ ಅಚ್ಚು ಹಾಕುವಾಗ ವಿರಾಮಚಿಹ್ನೆ ಹೋಗುತ್ತದೆ. ಮೂರನೇ ಸಲ ಪದಗಳ ನಡುವಿನ ಜಾಗವೂ ಹೋಗುತ್ತದೆ. ಪಾಠಪುಸ್ತಕದ ಆ ಬಿಳಿ ಮನೆ ಪಿಕೋಲಾಳ ಉಸಿರು ಕಟ್ಟಿಸುವುದನ್ನು ಒಂದೇ ಪುಟದಲ್ಲಿ, ಬರೀ ಅಚ್ಚಿನ ಮೂಲಕ ಕಾಣಿಸಿದ್ದಾರೆ.

ಫೇರ್‌ನೆಸ್ ಕ್ರೀಮ್ ಜಾಹೀರಾತು ನೋಡುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಈ ಪುಸ್ತಕದ ನೋವು ಬೇಗ ಮುಟ್ಟುತ್ತದೆ.

ಅವರು ಸಂಪಾದಕಿಯೂ ಆಗಿದ್ದರಂತೆ. ಏನು ಕೆಲಸ?

ಈ ಪ್ರಶ್ನೆ ಇನ್ನೂ ಜಾಸ್ತಿ ಜನ ಕೇಳಬೇಕು. ಮಾರಿಸನ್ ನ್ಯೂಯಾರ್ಕಿನ ರಾಂಡಮ್ ಹೌಸ್ ಪ್ರಕಾಶನದಲ್ಲಿ 1983ರವರೆಗೆ ಸಂಪಾದಕಿಯಾಗಿದ್ದರು. ಅಲ್ಲಿನ ಕಾದಂಬರಿ ವಿಭಾಗದಲ್ಲಿ ಹಿರಿಯ ಸಂಪಾದಕಿಯಾದ ಮೊದಲ ಕಪ್ಪು ಮಹಿಳೆ. ಅವರ ಮೊದಲ ನಾಲ್ಕು ಕಾದಂಬರಿಗಳೂ ಈ ನೌಕರಿ ಮಾಡುತ್ತಲೇ ಬಂದವು.

ಆ ಕಾಲದಲ್ಲಿ ನಾಗರಿಕ ಹಕ್ಕುಗಳ ಚಳವಳಿ ಬೀದಿಯಲ್ಲಿ ನಡೆಯುತ್ತಿತ್ತು. ಮಾರಿಸನ್ ಮೆರವಣಿಗೆಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ. ಮೆರವಣಿಗೆಯಲ್ಲಿದ್ದವರ ಮಾತು ಅಚ್ಚಿಗೆ ಹೋಗಿ ಉಳಿಯುವಂತೆ ಮಾಡುವುದು ತನ್ನ ಪಾಲಿನ ಕೆಲಸ ಎಂದುಕೊಂಡರು. ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ಆಂಜೆಲಾ ಡೇವಿಸ್ ಆಗಿನ್ನೂ 30ರ ಹರೆಯದವರು. ಈ ವಯಸ್ಸಿಗೆ ಆತ್ಮಕಥೆ ಯಾಕೆ ಎಂದು ಹಿಂಜರಿದವರನ್ನು ಒಪ್ಪಿಸಿ ಬರೆಸಿದರು. ಅದು 1974ರಲ್ಲಿ ಬಂತು. ಮುಹಮ್ಮದ್ ಅಲಿಯ ಆತ್ಮಕಥೆ 1975ರಲ್ಲಿ. ಟೋನಿ ಕೇಡ್ ಬಂಬಾರಾ, ಗೇಲ್ ಜೋನ್ಸ್, ಲೂಸಿಲ್ ಕ್ಲಿಫ್ಟನ್, ಈ ಕಪ್ಪು ಲೇಖಕಿಯರ ಪುಸ್ತಕಗಳೂ ಅವರ ಮೇಜಿನ ಮೇಲಿಂದಲೇ ಹೋದವು. 1968ರಲ್ಲಿ ಪೊಲೀಸ್ ಗುಂಡಿಗೆ ಸತ್ತ ಕವಿ ಹೆನ್ರಿ ಡೂಮಸ್ ಅವರ ಬರಹಗಳನ್ನು ಹುಡುಕಿ ಪುಸ್ತಕ ಮಾಡಿಸಿದರು.

1974ರಲ್ಲಿ ಬಂದ 'ದಿ ಬ್ಲ್ಯಾಕ್ ಬುಕ್' ಇವುಗಳಲ್ಲೆಲ್ಲ ವಿಶೇಷ. ಅದರಲ್ಲಿ ವಾದ ಇಲ್ಲ, ಪ್ರಬಂಧ ಇಲ್ಲ. ಹಳೆಯ ಪತ್ರಿಕೆ ತುಣುಕು, ಫೋಟೋ, ಗುಲಾಮರನ್ನು ಮಾರಿದ ರಸೀದಿ, ಕಪ್ಪು ಜನ ಪಡೆದ ಪೇಟೆಂಟ್ ಕಾಗದ, ಹಾಡಿನ ಪುಸ್ತಕದ ಹಾಳೆ, ಜಾಹೀರಾತು. ಇಂಥವನ್ನು ವರ್ಷಾನುಗಟ್ಟಲೆ ಕೂಡಿಟ್ಟವರ ಸಂಗ್ರಹದಿಂದ ತೆಗೆದು ಒಂದು ಪುಸ್ತಕವಾಗಿ ಹೊಲಿದರು. ಮಾರಿಸನ್ ಹೆಸರು ಅದರ ಮುಖಪುಟದಲ್ಲಿ ಇರಲಿಲ್ಲ. ಆದರೆ ಅವರ ಅತಿ ದೊಡ್ಡ ಕಾದಂಬರಿ 'ಬಿಲವೆಡ್' ಹುಟ್ಟಿದ್ದು ಅದೇ ಪುಸ್ತಕದ ಒಂದು ತುಣುಕಿನಿಂದ.

'ಬಿಲವೆಡ್' ನಿಜವಾಗಿ ನಡೆದ ಕಥೆನಾ?

ಬೇರು ನಿಜ. 1856ರ ಜನವರಿ. ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಒಹಾಯೊ ನದಿ ದಾಟಿದರೆ ಸ್ವತಂತ್ರ ರಾಜ್ಯ. ಚಳಿಗೆ ನದಿ ಹೆಪ್ಪುಗಟ್ಟಿತ್ತು. ಮಾರ್ಗರೆಟ್ ಗಾರ್ನರ್ ಎಂಬ ಹೆಂಗಸು ಗಂಡ, ಅತ್ತೆ ಮಾವ, ನಾಲ್ಕು ಮಕ್ಕಳ ಜೊತೆ ಆ ಮಂಜಿನ ಮೇಲೆ ನಡೆದು ಸಿನ್ಸಿನಾಟಿ ಸೇರಿದರು. ನೆಂಟರ ಮನೆಯಲ್ಲಿ ಅಡಗಿದರು. ಗುಲಾಮರನ್ನು ಹಿಡಿಯುವವರು ಬಂದು ಮನೆ ಸುತ್ತುವರಿದರು. ಮಕ್ಕಳು ಮತ್ತೆ ಆ ಬದುಕಿಗೆ ಹೋಗುವುದು ಬೇಡ ಎಂದು ಮಾರ್ಗರೆಟ್ ತನ್ನ 2 ವರ್ಷದ ಮಗಳ ಕತ್ತು ಕೊಯ್ದಳು. ಉಳಿದವರನ್ನು ಕೊಲ್ಲುವ ಮೊದಲು ಅವಳನ್ನು ಹಿಡಿದರು.

ಆಮೇಲೆ ನಡೆದ ವಿಚಾರಣೆ ಇಡೀ ಅಮೆರಿಕದ ಪತ್ರಿಕೆಗಳಲ್ಲಿ ಬಂತು. ಅವಳ ಮೇಲೆ ಕೊಲೆ ಮೊಕದ್ದಮೆ ಹೂಡಿ ಎಂದು ಕೇಳಿದವರು ಗುಲಾಮಗಿರಿಯನ್ನು ವಿರೋಧಿಸುವವರೇ. ಯಾಕೆಂದರೆ ಕೊಲೆ ಎಂದರೆ ಸತ್ತ ಮಗು ಮನುಷ್ಯಳು, ತಾಯಿ ಆ ಮಗುವಿಗೆ ಹೊಣೆಗಾರಳು ಎಂದು ಕಾನೂನು ಒಪ್ಪಿದ ಹಾಗೆ. ಕಾನೂನು ಒಪ್ಪಲಿಲ್ಲ. 1850ರ ಓಡಿಹೋದ ಗುಲಾಮರ ಕಾಯ್ದೆಯ ಪ್ರಕಾರ ಅವಳು ಯಜಮಾನನ ಸ್ವತ್ತು. ಅವಳನ್ನು ದಕ್ಷಿಣಕ್ಕೆ ಒಯ್ದರು. 1858ರಲ್ಲಿ ಅಲ್ಲೇ ಟೈಫಾಯಿಡ್‌ನಿಂದ ಸತ್ತಳು.

ಈ ಸುದ್ದಿಯ ತುಣುಕು 'ದಿ ಬ್ಲ್ಯಾಕ್ ಬುಕ್' ಮಾಡುವಾಗ ಮಾರಿಸನ್ ಕಣ್ಣಿಗೆ ಬಿದ್ದಿತ್ತು. ಸುಮಾರು 10 ವರ್ಷ ಮನಸ್ಸಿನಲ್ಲೇ ಇತ್ತು. ನೌಕರಿ ಬಿಟ್ಟ ಕೆಲವು ದಿನಗಳ ಮೇಲೆ ಹಡ್ಸನ್ ನದಿ ದಂಡೆಯ ತಮ್ಮ ಮನೆಯ ಮುಂದೆ ಕೂತಿದ್ದಾಗ ಎದೆಯಲ್ಲಿ ಏನೋ ತಳಮಳ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅದು ಸಂತೋಷ. ತಾನು ಸ್ವತಂತ್ರಳು ಎನ್ನುವ ಅರಿವು. ಹೆಣ್ಣಿಗೆ ಸ್ವಾತಂತ್ರ್ಯ ಎಂದರೆ ಏನು ಎಂದು ಯೋಚಿಸುತ್ತಾ ಹೋದ ಹಾಗೆ ಮಾರ್ಗರೆಟ್ ನೆನಪಾದಳು. ಮಕ್ಕಳನ್ನು ಹೆರಲೇಬೇಕು, ಆದರೆ ಅವು ನನ್ನವು ಎನ್ನುವ ಹಾಗಿಲ್ಲ ಎಂಬ ಸ್ಥಿತಿಯಲ್ಲಿದ್ದ ತಾಯಿ.

ಅಲ್ಲಿಂದ ಮುಂದಿನದು ಪೂರ್ತಿ ಮಾರಿಸನ್ ಕಟ್ಟಿದ್ದು. ಮಾರ್ಗರೆಟ್‌ಳ ಬದುಕಿನ ಇನ್ನಷ್ಟು ವಿವರ ಹುಡುಕಲು ಅವರು ಬೇಕೆಂದೇ ಹೋಗಲಿಲ್ಲ. ಕಾದಂಬರಿಯ ತಾಯಿಯ ಹೆಸರು ಸೆಥಿ. ಕಥೆ ಶುರುವಾಗುವುದು 1873ರಲ್ಲಿ, ಸಿನ್ಸಿನಾಟಿಯ ಬ್ಲೂಸ್ಟೋನ್ ರಸ್ತೆಯ 124ನೇ ನಂಬರಿನ ಮನೆಯಲ್ಲಿ. ಆ ಮನೆಗೆ ಕೂಸಿನ ದೆವ್ವ ಮೆಟ್ಟಿದೆ. ಕೊಂದ ಮಗಳು ಬೆಳೆದ ಹೆಣ್ಣಾಗಿ ತಿರುಗಿ ಬರುತ್ತಾಳೆ. ಮಾರ್ಗರೆಟ್‌ಳನ್ನು ಮತ್ತೆ ಗುಲಾಮಳಾಗಿ ಕಳಿಸಿದರು, ಸೆಥಿಗೆ ಬಿಡುಗಡೆ ಸಿಕ್ಕಿದೆ. ಆದರೆ ಆ ಬಿಡುಗಡೆಯಲ್ಲಿ ಬದುಕುವುದು ಹೇಗೆ? ಕಾದಂಬರಿ ಕೇಳುವುದು ಇದನ್ನು. ಸೆಥಿ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಹಕ್ಕು ಸತ್ತ ಆ ಮಗುವಿಗೆ ಮಾತ್ರ ಇದೆ ಎನ್ನುತ್ತಿದ್ದರು ಮಾರಿಸನ್. ಅದಕ್ಕೇ ಅವಳನ್ನು ಕರೆತಂದರು.

124 ಎನ್ನುವ ಸಂಖ್ಯೆಯಲ್ಲಿ 3 ಇಲ್ಲ. ಸೆಥಿಯ ನಾಲ್ಕು ಮಕ್ಕಳಲ್ಲಿ ಸತ್ತದ್ದು ಮೂರನೆಯದು. ಬಹಳ ಓದುಗರು ಇದನ್ನು ಗುರುತಿಸಿದ್ದಾರೆ.

'ಬಿಲವೆಡ್'ಗೆ ಪ್ರಶಸ್ತಿ ಸಿಗಲಿ ಎಂದು ಲೇಖಕರು ಪತ್ರಿಕೆಯಲ್ಲಿ ಬರೆದದ್ದು ನಿಜಾನಾ?

ನಿಜ, ಆದರೆ ಸಂದರ್ಭ ತಿಳಿದುಕೊಳ್ಳಬೇಕು. ಕಾದಂಬರಿ 1987ರಲ್ಲಿ ಬಂತು. ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್ ಬೇರೆಯವರಿಗೆ ಹೋಯಿತು. ವಿಮರ್ಶಕರ ಪ್ರಶಸ್ತಿಯೂ ಬೇರೆ ಪುಸ್ತಕಕ್ಕೆ ಹೋಯಿತು. 1988ರ ಜನವರಿಯಲ್ಲಿ 48 ಕಪ್ಪು ಲೇಖಕರು ಮತ್ತು ವಿಮರ್ಶಕರು ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ಪುರವಣಿಯಲ್ಲಿ ಒಂದು ಹೇಳಿಕೆ ಕೊಟ್ಟರು. ಮಾಯಾ ಏಂಜೆಲೊ, ಆಲಿಸ್ ವಾಕರ್ ಅದರಲ್ಲಿ ಇದ್ದರು. ಆಗಷ್ಟೇ, 1987ರ ಡಿಸೆಂಬರಿನಲ್ಲಿ, ಜೇಮ್ಸ್ ಬಾಲ್ಡ್‌ವಿನ್ ತೀರಿಕೊಂಡಿದ್ದರು. ಅಷ್ಟು ದೊಡ್ಡ ಲೇಖಕನಿಗೆ ಈ ದೊಡ್ಡ ಪ್ರಶಸ್ತಿಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ಮಾರಿಸನ್‌ಗೂ ಹಾಗೇ ಆಗಬಾರದು ಎಂಬ ನೋವು ಆ ಸಾಲುಗಳಲ್ಲಿ ಇತ್ತು. ಕೆಲವರು ಇದನ್ನು ಒತ್ತಡ ಎಂದು ಟೀಕಿಸಿದರು. ಕೆಲವೇ ತಿಂಗಳಲ್ಲಿ ಪುಲಿಟ್ಜರ್ ಬಂತು. ಪುಸ್ತಕ ತನ್ನ ಬಲದಿಂದಲೇ ಗೆದ್ದಿತು ಎನ್ನುವುದಕ್ಕೆ ಅದನ್ನು ಇವತ್ತಿಗೂ ಓದುತ್ತಿರುವುದೇ ಸಾಕು.

ಬಿಳಿಯರ ಬಗ್ಗೆ ಯಾಕೆ ಬರೆಯಲಿಲ್ಲ ಎಂದು ಅವರನ್ನು ಕೇಳುತ್ತಿದ್ದರಂತೆ?

ಜೀವನಪೂರ್ತಿ ಕೇಳಿದರು. 1973ರಲ್ಲಿ 'ಸೂಲಾ' ಕಾದಂಬರಿ ಬಂದಾಗ ಒಬ್ಬ ವಿಮರ್ಶಕಿ, ಇಷ್ಟು ಪ್ರತಿಭೆ ಇರುವವರು ಕಪ್ಪು ಜನರ ಸಣ್ಣ ಊರಿನ ಬದುಕಿಗೇ ನಿಲ್ಲಬಾರದು ಎನ್ನುವ ಧಾಟಿಯಲ್ಲಿ ಬರೆದರು. 1998ರಲ್ಲಿ ಆಸ್ಟ್ರೇಲಿಯಾದ ಒಂದು ಟಿ.ವಿ. ಸಂದರ್ಶನದಲ್ಲಿ ಮತ್ತೆ ಅದೇ ಪ್ರಶ್ನೆ. ಆ ಪ್ರಶ್ನೆಯೊಳಗೇ ಎಷ್ಟು ಜನಾಂಗಭೇದ ಇದೆ ಎಂದು ನಿಮಗೆ ಗೊತ್ತಾಗುತ್ತಿಲ್ಲ ಎಂದು ಮಾರಿಸನ್ ನೇರವಾಗಿ ಹೇಳಿದರು. ಬಿಳಿ ಲೇಖಕನನ್ನು ಯಾರೂ ಕಪ್ಪು ಜನರ ಬಗ್ಗೆ ಯಾವಾಗ ಬರೆಯುತ್ತೀರಿ ಎಂದು ಕೇಳುವುದಿಲ್ಲವಲ್ಲ.

ಟಾಲ್‌ಸ್ಟಾಯ್ ಬರೆದದ್ದು ಲೊರೈನಿನ 14 ವರ್ಷದ ಕಪ್ಪು ಹುಡುಗಿಗಾಗಿ ಅಲ್ಲ, ಆದರೂ ಅವಳು ಓದಿದಳು ಎನ್ನುತ್ತಿದ್ದರು. ಹಾಗೆಯೇ ತಾನು ತನ್ನ ಜನರಿಗೆ ಬರೆದರೆ ಕ್ಷಮೆ ಕೇಳುವ ಅಗತ್ಯ ಇಲ್ಲ. ಕಪ್ಪು ಲೇಖಕ ರಾಲ್ಫ್ ಎಲಿಸನ್ ಅವರ ಹೆಸರಾಂತ ಕಾದಂಬರಿಯ ಶೀರ್ಷಿಕೆ ಕಪ್ಪು ಮನುಷ್ಯನನ್ನು ಕಣ್ಣಿಗೆ ಕಾಣದವನು ಎನ್ನುತ್ತದೆ. ಯಾರ ಕಣ್ಣಿಗೆ? ನನ್ನ ಕಣ್ಣಿಗಂತೂ ಕಾಣುತ್ತಾನೆ, ಎಂದರು ಮಾರಿಸನ್. ಇಷ್ಟು ಸಣ್ಣ ಮಾತಿನಲ್ಲಿ ಅವರ ಸಾಹಿತ್ಯದ ನಿಲುವು ಪೂರ್ತಿ ಇದೆ.

ಬಿಳಿ ಪಾತ್ರಗಳೇ ಇಲ್ಲ ಎಂದು ತಿಳಿಯಬೇಡಿ. 'ಟಾರ್ ಬೇಬಿ', 'ಎ ಮರ್ಸಿ' ಎರಡರಲ್ಲೂ ಇದ್ದಾರೆ. ಅವರ ಕಣ್ಣಿನಿಂದ ಮಾತ್ರ ಜಗತ್ತನ್ನು ಅಳೆಯುವುದಿಲ್ಲ, ಅಷ್ಟೇ.

ಓದಲು ಕಷ್ಟ ಅಂತಾರೆ. ನಿಜಾನಾ?

ಕಷ್ಟ ಇದೆ. ಕಾಲ ಹಿಂದೆ ಮುಂದೆ ಜಿಗಿಯುತ್ತದೆ. ಯಾರು ಮಾತಾಡುತ್ತಿದ್ದಾರೆ ಎಂದು ಒಂದೊಂದು ಕಡೆ ತಕ್ಷಣ ತಿಳಿಯುವುದಿಲ್ಲ. ಮುಖ್ಯ ಘಟನೆಯನ್ನು ಸುತ್ತಿ ಸುತ್ತಿ ಹೇಳುತ್ತಾರೆ. 'ಬಿಲವೆಡ್' ಮೊದಲ ಪುಟದಲ್ಲೇ ಏನೂ ಪರಿಚಯ ಇಲ್ಲದ ಮನೆಯೊಳಗೆ ನಮ್ಮನ್ನು ತಳ್ಳುತ್ತದೆ. ಅದು ಬೇಕೆಂದೇ ಮಾಡಿದ್ದು. ಆಫ್ರಿಕಾದಿಂದ ಹಿಡಿದು ತಂದ ಜನರಿಗೆ ತಾವು ಎಲ್ಲಿದ್ದೇವೆ ಎಂದು ಯಾರಾದರೂ ಹೇಳಿದ್ದರೇ? ಓದುಗನಿಗೂ ಆ ದಿಕ್ಕೆಟ್ಟ ಅನುಭವ ಆಗಲಿ ಎಂದು ಅವರಿಗೆ ಇತ್ತು.

ನನ್ನ ಸಲಹೆ: ಗಟ್ಟಿಯಾಗಿ ಓದಿ. ಈ ಗದ್ಯ ಕಿವಿಗೆ ಬರೆದದ್ದು. ಅರ್ಥವಾಗದ ಪುಟ ಬಂದರೆ ನಿಲ್ಲಬೇಡಿ. ಮುಂದೆ 50 ಪುಟ ಹೋದ ಮೇಲೆ ಅದು ತಾನಾಗಿ ಬೆಳಗುತ್ತದೆ. ಮಾರಿಸನ್ ತಮ್ಮ ಕಾದಂಬರಿಗಳನ್ನು ಆಡಿಯೊ ಪುಸ್ತಕಗಳಿಗಾಗಿ ತಾವೇ ಓದಿದ್ದಾರೆ. ಆ ತಗ್ಗಿದ, ನಿಧಾನದ ದನಿ ಒಮ್ಮೆ ಕೇಳಿದರೆ ವಾಕ್ಯ ಎಲ್ಲಿ ಉಸಿರು ತಗೊಳ್ಳುತ್ತದೆ ಎಂದು ತಿಳಿಯುತ್ತದೆ.

ಯಾವ ಪುಸ್ತಕದಿಂದ ಶುರು ಮಾಡಲಿ?

'ಸೂಲಾ'. ಚಿಕ್ಕದು, ಕಥೆ ಹಿಡಿದು ಕೂರಿಸುತ್ತದೆ. ಇಬ್ಬರು ಗೆಳತಿಯರು, ನೆಲ್ ಮತ್ತು ಸೂಲಾ. ಒಬ್ಬಳು ಊರಿನ ಮಾತು ಕೇಳಿ ಬದುಕುತ್ತಾಳೆ, ಇನ್ನೊಬ್ಬಳು ಕೇಳುವುದಿಲ್ಲ. ಹೆಣ್ಣು ಹೆಣ್ಣಿನ ಗೆಳೆತನವನ್ನೇ ನಡುವೆ ಇಟ್ಟುಕೊಂಡ ಕಾದಂಬರಿಗಳು ಆ ಕಾಲಕ್ಕೆ ಬಹಳ ಕಡಿಮೆ.

ಎರಡನೆಯದಾಗಿ 1977ರ 'ಸಾಂಗ್ ಆಫ್ ಸಾಲೊಮನ್'. ನನಗೆ ತುಂಬಾ ಇಷ್ಟವಾದದ್ದು ಇದೇ. ಮಿಲ್ಕ್‌ಮನ್ ಡೆಡ್ ಎಂಬ ಯುವಕ ಚಿನ್ನ ಹುಡುಕಿಕೊಂಡು ದಕ್ಷಿಣಕ್ಕೆ ಹೋಗಿ, ಮಕ್ಕಳ ಆಟದ ಹಾಡೊಂದರಲ್ಲಿ ತನ್ನ ಪೂರ್ವಜರ ಹೆಸರು ಕಂಡುಕೊಳ್ಳುತ್ತಾನೆ. ಗುಲಾಮರಾಗಿ ಬಂದವರು ಒಂದು ದಿನ ಹಾರಿ ಆಫ್ರಿಕಾಕ್ಕೆ ಹೋದರು ಎಂಬ ಜನಪದ ಕಥೆ ಇದರ ಬೆನ್ನೆಲುಬು. ತಂದೆ ತೀರಿಕೊಂಡ ಮೇಲೆ ಬರೆದದ್ದು, ಅವರಿಗೇ ಅರ್ಪಣೆ. ಕಾದಂಬರಿಯ ಮೊದಲ ಘಟನೆ ನಡೆಯುವ ದಿನ 1931ರ ಫೆಬ್ರವರಿ 18, ಲೇಖಕಿ ಹುಟ್ಟಿದ ದಿನವೇ. ಈ ಪುಸ್ತಕದಿಂದ ಹೇಗೆ ಬರೆಯಬೇಕು, ಹೇಗೆ ಯೋಚಿಸಬೇಕು ಎಂದು ಕಲಿಯಲು ನೋಡಿದೆ ಎಂದು ಬರಾಕ್ ಒಬಾಮಾ ಹೇಳಿಕೊಂಡಿದ್ದಾರೆ. 2012ರಲ್ಲಿ ಮಾರಿಸನ್ ಕೊರಳಿಗೆ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಹಾಕಿದ್ದೂ ಅವರೇ.

ಆಮೇಲೆ 'ಬಿಲವೆಡ್' ಹಿಡಿಯಿರಿ.

'ಜಾಝ್' ಕಾದಂಬರಿ ಒಂದು ಫೋಟೋದಿಂದ ಹುಟ್ಟಿತು ಅಂತಾರಲ್ಲ?

ಹೌದು. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಹೆಸರಾಂತ ಬಡಾವಣೆ ಹಾರ್ಲೆಮ್‌ನ ಛಾಯಾಗ್ರಾಹಕ ಜೇಮ್ಸ್ ವ್ಯಾನ್ ಡೆರ್ ಝೀ ಶವಪೆಟ್ಟಿಗೆಯಲ್ಲಿ ಮಲಗಿಸಿದವರ ಚಿತ್ರ ತೆಗೆಯುತ್ತಿದ್ದರು. ಅದರಲ್ಲಿ ಒಬ್ಬಳು ಹುಡುಗಿ. ಪ್ರಿಯಕರ ಗುಂಡು ಹಾರಿಸಿದ್ದ. ಯಾರು ಹೊಡೆದದ್ದು ಎಂದು ಕೇಳಿದರೆ ನಾಳೆ ಹೇಳುತ್ತೇನೆ ಎನ್ನುತ್ತಾ, ಅವನು ತಪ್ಪಿಸಿಕೊಳ್ಳಲು ಸಮಯ ಕೊಟ್ಟು, ಅವಳು ಸತ್ತಳು. ಅದನ್ನು ಹಿಡಿದು 1920ರ ದಶಕದ ಹಾರ್ಲೆಮ್ ಅನ್ನು ಕಟ್ಟಿದರು. 1992ರಲ್ಲಿ ಬಂತು.

ದಿನಾ ಯಾವಾಗ ಬರೆಯುತ್ತಿದ್ದರು?

ಬೆಳಗಾಗುವ ಮೊದಲು. ಮಕ್ಕಳು ಏಳುವ ಮುಂಚಿನ ಹೊತ್ತನ್ನು ಬಳಸಿಕೊಳ್ಳಲೇಬೇಕಿತ್ತು. ಆಮೇಲೆ ಅದೇ ಅಭ್ಯಾಸವಾಯಿತು. ಕತ್ತಲಿರುವಾಗಲೇ ಎದ್ದು ಕಾಫಿ ಮಾಡಿ, ಬೆಳಕು ಬರುವುದನ್ನು ನೋಡುತ್ತಾ ಕುಡಿಯುವುದು. ಹಳದಿ ಹಾಳೆಯ ಪ್ಯಾಡು, ಪೆನ್ಸಿಲ್. ಬರೆದದ್ದನ್ನು ಮತ್ತೆ ಮತ್ತೆ ತಿದ್ದುವುದರಲ್ಲಿ ಅವರಿಗೆ ಸುಖ ಇತ್ತು.

ನೊಬೆಲ್ ಭಾಷಣದಲ್ಲಿ ಏನು ಹೇಳಿದರು?

ಒಂದು ಕಥೆ ಹೇಳಿದರು. ಊರ ಹೊರಗೆ ಒಬ್ಬ ಕುರುಡಿ ಮುದುಕಿ, ಗುಲಾಮರ ಮಗಳು, ಜ್ಞಾನಿ. ಕೆಲವು ಹುಡುಗರು ಬಂದು ನನ್ನ ಕೈಯಲ್ಲಿರುವ ಹಕ್ಕಿ ಬದುಕಿದೆಯೋ ಸತ್ತಿದೆಯೋ ಹೇಳು ಎನ್ನುತ್ತಾರೆ. ಗೊತ್ತಿಲ್ಲ, ಆದರೆ ಅದು ನಿಮ್ಮ ಕೈಯಲ್ಲಿದೆ ಎನ್ನುತ್ತಾಳೆ ಅವಳು. ಹಕ್ಕಿ ಎಂದರೆ ಭಾಷೆ. ಜನರನ್ನು ತುಳಿಯುವ ಭಾಷೆ ಬರೀ ಹಿಂಸೆಯನ್ನು ವರ್ಣಿಸುವುದಿಲ್ಲ, ಅದೇ ಹಿಂಸೆ, ಎಂದರು. ನನಗೆ ಇಷ್ಟವಾಗುವುದು ಭಾಷಣದ ಎರಡನೇ ಅರ್ಧ. ಅಲ್ಲಿ ಹುಡುಗರು ತಿರುಗಿ ಮಾತಾಡುತ್ತಾರೆ. ನಮ್ಮ ಕೈ ಖಾಲಿ ಇದೆ, ನಮಗೆ ಕಥೆ ಹೇಳು, ಉಪದೇಶ ಬೇಡ ಎನ್ನುತ್ತಾರೆ. ಹಿರಿಯರ ಜಾಣ ಉತ್ತರವನ್ನೇ ಮಾರಿಸನ್ ಪ್ರಶ್ನೆಗೆ ಒಡ್ಡಿದರು.

ಅವರ ಮನೆ ಸುಟ್ಟುಹೋಯಿತು ಎಂದು ಕೇಳಿದ್ದೆ.

ನೊಬೆಲ್ ಪಡೆದು ಬಂದ ಕೆಲವೇ ದಿನಕ್ಕೆ, 1993ರ ಕ್ರಿಸ್‌ಮಸ್ ದಿನ, ಹಡ್ಸನ್ ದಂಡೆಯ ಆ ಮನೆಗೆ ಬೆಂಕಿ ಬಿತ್ತು. ಅವರು ಮನೆಯಲ್ಲಿ ಇರಲಿಲ್ಲ. ಮಗನೊಬ್ಬ ಇದ್ದರು, ಅಪಾಯ ಆಗಲಿಲ್ಲ. ಮನೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದರು. 2014ರಲ್ಲಿ ಅವರ ಹಸ್ತಪ್ರತಿಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದಾಗ ಕೆಲವು ಹಾಳೆಗಳ ಅಂಚು ಸುಟ್ಟಿತ್ತು.

ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡುತ್ತಿದ್ದರಾ?

1989ರಿಂದ 2006ರವರೆಗೆ. ಬರಹಗಾರರನ್ನು, ಸಂಗೀತಗಾರರನ್ನು, ನೃತ್ಯ ಮಾಡುವವರನ್ನು ವಿದ್ಯಾರ್ಥಿಗಳ ಜೊತೆ ಕೂರಿಸಿ ಹೊಸದನ್ನು ಮಾಡಿಸುವ ಒಂದು ಕಾರ್ಯಕ್ರಮವನ್ನೂ ಅಲ್ಲಿ ಶುರು ಮಾಡಿದರು.

ಅವರ ಪುಸ್ತಕಗಳನ್ನು ಅಮೆರಿಕದಲ್ಲಿ ನಿಷೇಧಿಸಿದ್ದಾರಾ?

ದೇಶದ ಮಟ್ಟದಲ್ಲಿ ಇಲ್ಲ. ಆದರೆ ಶಾಲೆಗಳ, ಶಾಲಾ ಗ್ರಂಥಾಲಯಗಳ ಮಟ್ಟದಲ್ಲಿ ಮತ್ತೆ ಮತ್ತೆ. ಅಲ್ಲಿನ ಗ್ರಂಥಾಲಯ ಸಂಘ ಪ್ರತಿ ವರ್ಷ ಹೆಚ್ಚು ದೂರು ಬಂದ ಪುಸ್ತಕಗಳ ಪಟ್ಟಿ ಕೊಡುತ್ತದೆ. 'ದಿ ಬ್ಲೂಯೆಸ್ಟ್ ಐ' ಅದರಲ್ಲಿ ಹಲವು ಸಲ ಇದೆ. ವರ್ಜೀನಿಯಾದಲ್ಲಿ 'ಬಿಲವೆಡ್' ಓದಿಸುವ ವಿಷಯ ದೊಡ್ಡ ಜಗಳವಾಗಿ, ಅಂಥ ಪುಸ್ತಕದ ಬಗ್ಗೆ ಪೋಷಕರಿಗೆ ಮೊದಲೇ ತಿಳಿಸಬೇಕೆಂಬ ಮಸೂದೆ ಶಾಸನಸಭೆಯಲ್ಲಿ ಪಾಸಾಯಿತು. 2016ರಲ್ಲಿ ರಾಜ್ಯಪಾಲರು ಅದನ್ನು ತಡೆದರು.

ಮಕ್ಕಳ ಮೇಲಿನ ಲೈಂಗಿಕ ಹಿಂಸೆ ಈ ಪುಸ್ತಕಗಳಲ್ಲಿ ಇದೆ. ಓದುವಾಗ ಎದೆ ಭಾರವಾಗುತ್ತದೆ, ಅದು ನಿಜ. ಆದರೆ ಅಂಥ ಹಿಂಸೆ ಅನುಭವಿಸಿದ ಹುಡುಗಿಗೆ, ಇದರ ಬಗ್ಗೆ ಒಬ್ಬರು ಬರೆದಿದ್ದಾರೆ, ತಪ್ಪು ನಿನ್ನದಲ್ಲ ಎಂದು ಹೇಳುವ ಪುಸ್ತಕ ಶಾಲೆಯಲ್ಲೇ ಸಿಗದಿದ್ದರೆ ಎಲ್ಲಿ ಸಿಗಬೇಕು? ಅದನ್ನು ಕಪಾಟಿನಿಂದ ತೆಗೆಯುವುದು ದೊಡ್ಡ ಅನ್ಯಾಯ.

'ಬಿಲವೆಡ್' ಸಿನಿಮಾ ನೋಡಿದರೆ ಸಾಕಾ?

ಸಾಲದು. 1998ರಲ್ಲಿ ಜೊನಾಥನ್ ಡೆಮಿ ನಿರ್ದೇಶಿಸಿದರು, ಟಿ.ವಿ. ನಿರೂಪಕಿ ಓಪ್ರಾ ವಿನ್‌ಫ್ರೀ ಸೆಥಿಯಾದರು. ಶ್ರದ್ಧೆಯಿಂದ ಮಾಡಿದ ಸಿನಿಮಾ, ಆದರೆ ಜನ ಬರಲಿಲ್ಲ. ಓಪ್ರಾ ಮಾಡಿದ ದೊಡ್ಡ ಉಪಕಾರ ಬೇರೆ. ತಮ್ಮ ಟಿ.ವಿ. ಪುಸ್ತಕ ಬಳಗಕ್ಕೆ ಮಾರಿಸನ್ ಅವರ ನಾಲ್ಕು ಕಾದಂಬರಿ ಆರಿಸಿ, ಸಾಹಿತ್ಯದ ಕಡೆ ತಲೆ ಹಾಕದವರ ಮನೆಗೂ ಅವನ್ನು ಮುಟ್ಟಿಸಿದರು.

ಮಗ ತೀರಿಕೊಂಡ ಮೇಲೆ ಬರೆಯುವುದು ನಿಲ್ಲಿಸಿದ್ದರಾ?

ಕಿರಿಯ ಮಗ ಸ್ಲೇಡ್ ಚಿತ್ರಕಲಾವಿದ. ತಾಯಿ ಮಗ ಸೇರಿ ಮಕ್ಕಳ ಪುಸ್ತಕಗಳನ್ನು ಬರೆದಿದ್ದರು. 2010ರಲ್ಲಿ ಸ್ಲೇಡ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಹೋದರು, 45ನೇ ವಯಸ್ಸಿಗೆ. ಆಗ 'ಹೋಮ್' ಕಾದಂಬರಿ ಅರ್ಧ ಬರೆದಿತ್ತು. ಕೈ ಓಡಲಿಲ್ಲ. ನನ್ನಿಂದಾಗಿ ಅಮ್ಮ ನಿಲ್ಲಿಸಿದಳು ಎಂದರೆ ಅವನಿಗೆ ಬೇಸರ ಆಗುತ್ತಿತ್ತು ಎಂದು ಅನ್ನಿಸಿದ ಮೇಲೆ ಮತ್ತೆ ಬರೆದು ಮುಗಿಸಿದರು. 2012ರಲ್ಲಿ ಬಂತು. ಅರ್ಪಣೆಯ ಪುಟದಲ್ಲಿ ಸ್ಲೇಡ್ ಎಂಬ ಒಂದೇ ಪದ ಇದೆ. ಕೊನೆಯ ಕಾದಂಬರಿ 'ಗಾಡ್ ಹೆಲ್ಪ್ ದಿ ಚೈಲ್ಡ್' 2015ರದ್ದು.

ರಸ್ತೆ ಬದಿಯ ಬೆಂಚಿಗೂ ಅವರಿಗೂ ಏನು ಸಂಬಂಧ?

ಗುಲಾಮರಾಗಿ ಬಂದವರ ನೆನಪಿಗೆ ಅಮೆರಿಕದಲ್ಲಿ ಒಂದು ಗೋಡೆ ಇಲ್ಲ, ಮರ ಇಲ್ಲ, ರಸ್ತೆ ಬದಿಯಲ್ಲಿ ಒಂದು ಸಣ್ಣ ಬೆಂಚೂ ಇಲ್ಲ, ಅದಕ್ಕೇ 'ಬಿಲವೆಡ್' ಬರಬೇಕಾಯಿತು ಎಂದು 1989ರಲ್ಲಿ ಹೇಳಿದ್ದರು. ಅವರ ಹೆಸರಿನ ಸಾಹಿತ್ಯ ಸಂಘ ಆ ಮಾತು ಹಿಡಿದು, 2008ರಲ್ಲಿ ದಕ್ಷಿಣ ಕೆರೊಲಿನಾದ ಸಲಿವನ್ಸ್ ದ್ವೀಪದಲ್ಲಿ ಮೊದಲ ಬೆಂಚು ಹಾಕಿತು. ಆಫ್ರಿಕಾದಿಂದ ಬಂದ ಹಡಗುಗಳ ಜನರನ್ನು ಇಳಿಸುತ್ತಿದ್ದ ಜಾಗ ಅದು. ಆಮೇಲೆ ಬೇರೆ ಬೇರೆ ಊರುಗಳಲ್ಲೂ ಬೆಂಚು ಬಂದವು.

ಕಾದಂಬರಿ ಓದುವಷ್ಟು ಸಮಯ ಇಲ್ಲ. ಚಿಕ್ಕದು ಏನಾದರೂ ಇದೆಯಾ?

'ರೆಸಿಟಟಿಫ್' ಎಂಬ ಸಣ್ಣಕಥೆ ಇದೆ, 1983ರದ್ದು. ಒಂದೇ ಸಂಜೆಯಲ್ಲಿ ಓದಿ ಮುಗಿಯುತ್ತದೆ. ಟ್ವೈಲಾ, ರಾಬರ್ಟಾ ಎಂಬ ಇಬ್ಬರು ಹುಡುಗಿಯರು ಅನಾಥಾಲಯದಲ್ಲಿ ಕೆಲವು ತಿಂಗಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು ಎಂದು ಕಥೆ ಹೇಳುವುದೇ ಇಲ್ಲ. ಊಟ, ಬಟ್ಟೆ, ಅಮ್ಮಂದಿರ ನಡವಳಿಕೆ, ಯಾರ ಹತ್ತಿರ ದುಡ್ಡು ಇದೆ, ಎಲ್ಲ ಸುಳಿವನ್ನೂ ಓದುಗ ಹಿಡಿಯುತ್ತಾ ಹೋಗುತ್ತಾನೆ. ಪ್ರತಿ ಸುಳಿವೂ ಎರಡು ಕಡೆಗೂ ಸಲ್ಲುತ್ತದೆ.

ಇಬ್ಬರು ಸೇರಿ ಓದಿ. ಯಾರು ಕಪ್ಪು ಎಂದು ಇಬ್ಬರೂ ಬೇರೆ ಬೇರೆ ಬರೆದಿಟ್ಟು, ಆಮೇಲೆ ಕಾರಣ ಹೇಳಿಕೊಳ್ಳಿ. ಆ ಕಾರಣಗಳ ಮೇಲೆ ನಡೆಯುವ ಮಾತುಕತೆ ಕಥೆಗಿಂತ ಉದ್ದ ಆಗುತ್ತದೆ.